ಮನೆ ಬದಲಿಸಿದ ಮೇಲೆ ಕುಂಡದ ಗಿಡ ಬಾಡುತ್ತಿದೆಯೇ? ಘಟ್ಟ ಇಳಿದು ಬಂದ ಗಿಡಗಳ ದೋಷ ನಿವಾರಣೆ

ಶಿರಸಿ ಕಡೆಯಿಂದ ಕಾರವಾರಕ್ಕೆ ಮನೆ ಬದಲಿಸುವವರ ಗಾಡಿಯಲ್ಲಿ ಪಾತ್ರೆ ಪಡಗದ ಜೊತೆ ಹತ್ತಿಪ್ಪತ್ತು ಕುಂಡಗಳಾದರೂ ಇರುತ್ತವೆ. ಆಂಥೂರಿಯಂ, ದಾಸವಾಳ, ಗುಲಾಬಿ, ಡೇರೆ (ಡೇಲಿಯಾ) ಗಡ್ಡೆ, ಜರಿಗಿಡ, ಅಮ್ಮನ ಮನೆಯಿಂದ ತಂದ ಮಲ್ಲಿಗೆ. ಇಳಿಸುವಾಗ ಎಲ್ಲವೂ ಹಸಿರಾಗೇ ಕಾಣುತ್ತವೆ. ವಾರ ಕಳೆಯುವುದರೊಳಗೆ ಒಂದು ಬಾಡುತ್ತದೆ, ಇನ್ನೊಂದರ ಎಲೆ ಅಂಚು ಸುಡುತ್ತದೆ, ಮತ್ತೊಂದು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ.

ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಅಲ್ಲಿ ರಾತ್ರಿ ತಂಪು, ಸುತ್ತ ಮರದ ನೆರಳು, ಹುಳಿ ಗುಣದ ಕೆಂಪು ಮಣ್ಣು. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಷ್ಟರಲ್ಲಿ ಗಿಡಕ್ಕೆ ಗಾಳಿ, ಬಿಸಿಲು, ನೀರು ಮೂರೂ ಬೇರೆಯಾಗಿರುತ್ತವೆ. ಇಷ್ಟು ಬದಲಾವಣೆಯನ್ನು ಅದು ಒಂದೇ ದಿನದಲ್ಲಿ ತಡೆದುಕೊಳ್ಳಬೇಕು.

ನಾನು ಕಂಡಂತೆ ಪ್ರಯಾಣದಲ್ಲಿ ಸಾಯುವ ಗಿಡ ಕಡಿಮೆ. ಬಂದ ಮೇಲೆ ಗಾಬರಿಯಲ್ಲಿ ನಾವು ಮಾಡುವ ಉಪಚಾರದಿಂದ ಸಾಯುವುದೇ ಜಾಸ್ತಿ. ಬಾಡಿತು ಅಂತ ನೀರು ಹಾಕುತ್ತೇವೆ. ಏಳಲಿಲ್ಲ ಅಂತ ಗೊಬ್ಬರ ಹಾಕುತ್ತೇವೆ. ಅದಕ್ಕೂ ಏಳಲಿಲ್ಲ ಅಂತ ಕುಂಡ ಬದಲಿಸುತ್ತೇವೆ. ಆಮೇಲೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ಆದ್ದರಿಂದ ಮೊದಲು ಕಾರಣ ಹುಡುಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಾಲ್ಕೈದು ದಿನ ಕಾಯಿರಿ.

ನೀರಿನ ಚೊಂಬು ಕೈಗೆ ತೆಗೆದುಕೊಳ್ಳುವ ಮುಂಚೆ

ಕುಂಡ ಎತ್ತಿ ನೋಡಿ. ಹಗುರ ಇದ್ದರೆ ಮಣ್ಣು ಒಣಗಿದೆ, ಭಾರ ಇದ್ದರೆ ಒಳಗೆ ನೀರಿದೆ. ಎತ್ತಲಾರದಷ್ಟು ದೊಡ್ಡ ಕುಂಡವಾದರೆ ಸ್ವಲ್ಪ ಓರೆ ಮಾಡಿದರೂ ಅಂದಾಜು ಸಿಗುತ್ತದೆ. ಮೇಲಿನ ಮಣ್ಣಿನ ಬಣ್ಣ ನಂಬಬೇಡಿ. ಕಾರವಾರದ ಗಾಳಿಗೆ ಮೇಲ್ಮಣ್ಣು ಮಧ್ಯಾಹ್ನದೊಳಗೆ ಬಿಳಿಚುತ್ತದೆ, ಎರಡು ಇಂಚು ಕೆಳಗೆ ಕೆಸರಿರಬಹುದು. ಬೆರಳು ಅಷ್ಟು ಆಳಕ್ಕೆ ಹೋಗದಿದ್ದರೆ ಹಿಡಿಕಡ್ಡಿ ಚುಚ್ಚಿ ತೆಗೆಯಿರಿ, ಮಣ್ಣು ಅಂಟಿ ಬಂದರೆ ಹಸಿ ಇದೆ ಅಂತಲೇ.

ಎರಡನೆಯದು, ಬೆಳಗ್ಗೆ ಸೂರ್ಯ ಏರುವ ಮುಂಚೆ ಒಮ್ಮೆ ಗಿಡ ನೋಡಿ. ಇದು ನನಗೆ ಎಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆ ಅನಿಸುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ತಲೆ ಬಗ್ಗಿಸಿದ ಗಿಡ ಬೆಳಗ್ಗೆ ನೆಟ್ಟಗೆ ನಿಂತಿದ್ದರೆ ಬೇರು ಸರಿ ಇದೆ. ಬಿಸಿಲಿಗೆ ಎಲೆಯಿಂದ ಹೋಗುವ ನೀರಿನಷ್ಟು ಬೇರು ಎಳೆಯಲು ಆಗುತ್ತಿಲ್ಲ, ಅಷ್ಟೇ. ನೆರಳಿಗೆ ಸರಿಸಿದರೆ ಸಾಕು. ಬೆಳಗ್ಗೆಯೂ ಜೋತೇ ಇದ್ದರೆ ತೊಂದರೆ ಮಣ್ಣಿನೊಳಗಿದೆ.

ಮೂರನೆಯದು, ಕಾಂಡದ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮಣ್ಣು ಅಲ್ಲಾಡದೆ ಗಿಡ ಮಾತ್ರ ತೂಗಿದರೆ ಬೇರಿನ ಸುತ್ತ ಟೊಳ್ಳಾಗಿದೆ, ಎಳೆ ಬೇರು ಹರಿದಿದೆ. ಘಟ್ಟದ ತಿರುವುಗಳಲ್ಲಿ ಗಾಡಿ ಎಡಕ್ಕೂ ಬಲಕ್ಕೂ ಎಳೆಯುವಾಗ ಹೀಗಾಗುವುದು ಸಹಜ. ಎತ್ತರದ ಗಿಡ, ಸಣ್ಣ ಕುಂಡ ಇದ್ದರಂತೂ ಖಂಡಿತ. ಇಂಥ ಗಿಡಕ್ಕೆ ಒಂದು ಗೂಟ ಕೊಟ್ಟು ಕಟ್ಟಿ. ಬುಡದ ಸುತ್ತ ಮಣ್ಣು ಹಾಕಿ ಬೆರಳಲ್ಲಿ ಒತ್ತಿ. ಹೊಸ ಬೇರು ಬರುವವರೆಗೆ ಗಿಡ ತೂಗಬಾರದು.

ಮಣ್ಣು ಒದ್ದೆ, ಆದರೂ ಗಿಡ ಬಾಡಿದೆ

"ದಿನಾ ಎರಡು ಸಲ ನೀರು ಹಾಕ್ತೆ ಮಾರಾಯ್ತಿ, ಆದ್ರೂ ಹೀಗೇ ಮಲಗಿದೆ" ಅಂತ ಅತ್ತಿಗೆ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಹೊಳೆದದ್ದು ಇದೇ. "ಅತ್ತಿಗೆ, ನೀರು ಬಿಟ್ಟುಬಿಡಿ, ಕುಂಡದ ಅಡಿ ನೋಡಿ" ಅಂದೆ. ಅಡಿಯ ತೂತು ಟೈಲ್ಸಿಗೆ ಒತ್ತಿಕೊಂಡು ಪೂರ್ತಿ ಮುಚ್ಚಿತ್ತು.

ಶಿರಸಿಯ ಅಂಗಳದಲ್ಲಿ ಕುಂಡ ಇರುವುದು ಮಣ್ಣಿನ ಮೇಲೋ ಜಂಬಿಟ್ಟಿಗೆ ಕಲ್ಲಿನ ಮೇಲೋ. ನೀರು ಹೇಗೋ ಇಳಿದು ಹೋಗುತ್ತದೆ. ಹೊಸ ಮನೆಯ ಬಾಲ್ಕನಿ ಟೈಲ್ಸ್ ನುಣುಪು, ಸಪಾಟು. ಕುಂಡ ಅದಕ್ಕೆ ಕಚ್ಚಿ ಕೂತರೆ ತೂತಿಗೆ ಮುಚ್ಚಳ ಹಾಕಿದಂತೆಯೇ ಆಗುತ್ತದೆ. ಜೊತೆಗೆ ದಾರಿಯ ಕುಲುಕಾಟಕ್ಕೆ ಮಣ್ಣು ಒತ್ತಾಗಿ ಕೆಳಗೆ ಕೂತಿರುತ್ತದೆ, ಗಾಳಿ ಆಡುವ ಸಂದು ಮುಚ್ಚಿರುತ್ತದೆ. ಬೇರಿಗೂ ಉಸಿರಾಡಲು ಗಾಳಿ ಬೇಕು. ನೀರು ತುಂಬಿದ ಮಣ್ಣಲ್ಲಿ ಗಾಳಿ ಇಲ್ಲದೆ ಬೇರು ಸಾಯುತ್ತದೆ. ಸತ್ತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ಕೆಸರಲ್ಲಿ ನಿಂತ ಗಿಡವೂ ಬಾಯಾರಿದ ಗಿಡದ ಹಾಗೆಯೇ ಬಾಡುತ್ತದೆ. ನೋಡಿದವರು ಇನ್ನಷ್ಟು ನೀರು ಹಾಕುತ್ತಾರೆ.

ಮೊದಲು ಕುಂಡದ ಕೆಳಗೆ ಮೂರು ಹೆಂಚಿನ ಚೂರು ಅಥವಾ ಅರ್ಧ ಇಟ್ಟಿಗೆ ಕೊಟ್ಟು ಎತ್ತರಿಸಿ. ಅಡಿಯಿಂದ ಒಂದು ಕಡ್ಡಿ ತೂರಿಸಿ ತೂತು ಬಿಡಿಸಿ. ಎರಡು ಇಂಚು ಕೆಳಗೆ ಒಣಗುವವರೆಗೆ ನೀರು ನಿಲ್ಲಿಸಿ. ಅಷ್ಟಕ್ಕೇ ಎಷ್ಟೋ ಗಿಡ ಚೇತರಿಸಿಕೊಳ್ಳುತ್ತದೆ.

ಚೇತರಿಸಿಕೊಳ್ಳದಿದ್ದರೆ ಮಾತ್ರ ಕುಂಡ ಮಗುಚಿ ಬೇರು ನೋಡಿ. ಒಳ್ಳೆಯ ಬೇರು ಬಿಳಿಯಾಗಿ ಅಥವಾ ಕೆನೆ ಬಣ್ಣದಲ್ಲಿ ಇರುತ್ತದೆ, ಹಿಡಿದರೆ ಗಟ್ಟಿ. ಕೊಳೆತ ಬೇರು ಕಂದು ಇಲ್ಲವೇ ಕಪ್ಪು, ಮೆತ್ತಗೆ. ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತದೆ. ಹುಳಿ ವಾಸನೆಯೂ ಬರುತ್ತದೆ. ಕೊಳೆತದ್ದನ್ನೆಲ್ಲ ಚೊಕ್ಕ ಕತ್ತರಿಯಿಂದ ಕತ್ತರಿಸಿ. ಉಳಿದ ಬೇರಿಗೆ ಸರಿಹೊಂದುವ ಸಣ್ಣ ಕುಂಡಕ್ಕೆ, ಮರಳು ಬೆರೆಸಿದ ಹೊಸ ಮಣ್ಣಲ್ಲಿ ನೆಡಿ. ಎಷ್ಟು ಬೇರು ಹೋಯಿತೋ ಅದಕ್ಕೆ ತಕ್ಕಂತೆ ಮೇಲಿನ ಕೊಂಬೆಯನ್ನೂ ಕಡಿಮೆ ಮಾಡಿ. ಗೊಬ್ಬರ ಬೇಡ. ಕುಂಡದ ಅಡಿಗೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ. ನುಣ್ಣನೆಯ ಮಣ್ಣಿನಿಂದ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ತೂತಿನ ಮೇಲೆ ಒಂದು ಬೋಕಿ (ಮಡಕೆಯ ಚೂರು) ಅಥವಾ ಸ್ವಲ್ಪ ತೆಂಗಿನ ನಾರು ಸಾಕು.

ಮಳೆಗಾಲದಲ್ಲಿ ಬಂದವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಟೆರೇಸಿನ ಕುಂಡಗಳಿಗೆ ಮಳೆಯಿಂದ ಮರೆ ಬೇಕು. ತುಳಸಿ, ಜೇಡ್ ಗಿಡ, ಕಳ್ಳಿ ಜಾತಿಯವನ್ನು ಸೂರಿನ ಅಡಿಗೆ ತನ್ನಿ.

ಕುಂಡ ಹಗುರ, ನೀರು ಹಾಕಿದರೂ ಹಿಡಿಯುತ್ತಿಲ್ಲ

ಇದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ ನರ್ಸರಿ ಗಿಡಗಳಲ್ಲಿ ಕಾಣುತ್ತದೆ. ಪೂರ್ತಿ ಒಣಗಿದ ಕೋಕೋಪೀಟ್ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಮಣ್ಣಿನ ಗಡ್ಡೆಗೂ ಕುಂಡದ ಗೋಡೆಗೂ ನಡುವಿನ ಬಿರುಕಿನಿಂದ ಹಾದು ಕೆಳಗೆ ಸುರಿಯುತ್ತದೆ. ಕುಂಡವನ್ನು ಬಕೆಟ್ ನೀರಲ್ಲಿ ಅದ್ದಿ ಇಡಿ. ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಮುಗಿಯಿತು.

ಎಲೆ ಸುಟ್ಟಿದೆ: ಬಿಸಿಲೋ, ಗಾಳಿಯೋ, ಉಪ್ಪೋ

ಕಾರವಾರಕ್ಕೆ ಬಂದ ಗಿಡಗಳಲ್ಲಿ ಹೆಚ್ಚು ತಲೆ ಕೆಡಿಸುವುದು ಈ ಸುಟ್ಟ ಗುರುತು. ದೂರದಿಂದ ಎಲ್ಲ ಒಂದೇ ಥರ ಕಂಡರೂ ಹತ್ತಿರದಿಂದ ನೋಡಿದರೆ ಬೇರೆ ಬೇರೆ. ಎಲೆಯ ಯಾವ ಭಾಗ ಸುಟ್ಟಿದೆ, ಗಿಡದ ಯಾವ ದಿಕ್ಕು ಸುಟ್ಟಿದೆ, ಎಳೆ ಎಲೆಯೋ ಬಲಿತದ್ದೋ ಅಂತ ನೋಡಬೇಕು.

ಬಿಸಿಲಿನ ಸುಡುವಿಕೆ ಎಲೆಯ ನಡುವೆ ಬರುತ್ತದೆ. ಬಿಸಿಲಿಗೆ ಮುಖ ಮಾಡಿದ ಎಲೆಯ ಮೇಲೆ ಬಿಳಿಚಿದ, ಹುಲ್ಲಿನ ಬಣ್ಣದ ಪಟ್ಟೆ. ಮೇಲಿನ ಎಲೆಯ ನೆರಳು ಬಿದ್ದ ಕಡೆ ಹಸಿರು ಹಾಗೇ ಉಳಿದಿರುತ್ತದೆ, ಅದೇ ಗುರುತು. ನೆರಳಲ್ಲಿ ಬೆಳೆದ ಎಲೆ ತೆಳು, ಅದಕ್ಕೆ ನೇರ ಬಿಸಿಲು ತಡೆಯುವ ಶಕ್ತಿ ಇರುವುದಿಲ್ಲ. ಶಿರಸಿಯ ಜಗಲಿ ಅಂಚಿನಲ್ಲಿದ್ದ ಆಂಥೂರಿಯಂ ಅನ್ನು ಪಶ್ಚಿಮಕ್ಕೆ ತೆರೆದ ಬಾಲ್ಕನಿಯಲ್ಲಿಟ್ಟರೆ ಎರಡು ಮಧ್ಯಾಹ್ನ ಸಾಕು. ಸುಟ್ಟ ಜಾಗ ಮತ್ತೆ ಹಸಿರಾಗುವುದಿಲ್ಲ, ಆದರೆ ಹರಡುವುದೂ ಇಲ್ಲ. ಆ ಎಲೆ ಕೀಳಬೇಡಿ. ಉಳಿದ ಹಸಿರು ಭಾಗ ಗಿಡಕ್ಕೆ ಊಟ ಮಾಡುತ್ತಲೇ ಇರುತ್ತದೆ. ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ನೆರಳು ಬಲೆ ಕಟ್ಟಿ. ಬಲೆ ಬರುವವರೆಗೆ ತೆಂಗಿನ ಗರಿ ಒರಗಿಸಿದರೂ ಆಗುತ್ತದೆ. ಬಿಸಿಲು ಬೇಕಾದ ಗಿಡಗಳನ್ನು ಮೊದಲು ಬೆಳಗಿನ ಬಿಸಿಲಲ್ಲಿ ಒಂದು ಗಂಟೆ ಹೊತ್ತು, ಆಮೇಲೆ ಎರಡು ಗಂಟೆ ಹೊತ್ತು, ಹೀಗೆ ಹತ್ತರಿಂದ ಹದಿನಾಲ್ಕು ದಿನದಲ್ಲಿ ರೂಢಿ ಮಾಡಿಸಿ.

ದಾರಿಯ ಗಾಳಿಯ ಪೆಟ್ಟು ಬಂದ ಮಾರನೇ ದಿನವೇ ಕಾಣುತ್ತದೆ. ತೆರೆದ ಪಿಕಪ್ಪಿನಲ್ಲಿ ಬಂದ ಗಿಡದ ಎಲೆ ಅಂಚು ಹರಿದು, ಮುದುಡಿ, ಒಣಗಿರುತ್ತದೆ. ಇದಕ್ಕೆ ಮದ್ದು ಬೇಕಾಗಿಲ್ಲ, ನೆರಳು ಮತ್ತು ಸಮಯ ಕೊಡಿ. ಇನ್ನೂ ಗಿಡ ಸಾಗಿಸಬೇಕಾದವರು ಒಂದು ನೆನಪಿಡಿ: ಟಾರ್ಪಾಲು ಬಿಗಿದು ಮಧ್ಯಾಹ್ನ ಗಾಡಿ ನಿಲ್ಲಿಸಿದರೆ ಒಳಗೆ ಗಿಡ ಬೇಯುತ್ತದೆ. ಅಡಿಕೆ ಸೋಗೆ ಹೊದೆಸಿ, ಬೆಳಗಿನ ಜಾವ ಹೊರಟು, ಬಿಸಿಲೇರುವ ಮುಂಚೆ ಇಳಿಸಿದರೆ ಒಳ್ಳೆಯದು.

ಇನ್ನು ಉಪ್ಪು. ಘಟ್ಟದ ಮೇಲಿನವರಿಗೆ ಇದರ ಅನುಭವವೇ ಇರುವುದಿಲ್ಲ. ಸಮುದ್ರದ ಅಲೆ ಒಡೆಯುವಾಗ ಏಳುವ ಸಣ್ಣ ಹನಿಗಳನ್ನು ಗಾಳಿ ಒಳಕ್ಕೆ ತರುತ್ತದೆ. ಎಲೆಯ ಮೇಲೆ ಕೂತ ಉಪ್ಪು ನೀರನ್ನು ಹೊರಕ್ಕೆಳೆದು ಅಂಚನ್ನು ಸುಡುತ್ತದೆ. ಗುರುತು ಹೀಗಿರುತ್ತದೆ: ಎಲೆಯ ತುದಿ ಮತ್ತು ಅಂಚು ಕಂದಾಗಿ ಗರಿಗರಿ, ಅದೂ ಗಿಡದ ಸಮುದ್ರದ ಕಡೆಯ ಮಗ್ಗುಲಲ್ಲಿ. ಮನೆ ಕಡೆಯ ಮಗ್ಗುಲು ಹಸಿರಾಗಿರುತ್ತದೆ. ಸಂಶಯ ಇದ್ದರೆ ಪಶ್ಚಿಮದ ಕಿಟಕಿಯ ಗಾಜು ನೋಡಿ. ಒರೆಸಿದ ಕೆಲವೇ ದಿನದಲ್ಲಿ ಮಬ್ಬಾಗುತ್ತಿದ್ದರೆ, ಗ್ರಿಲ್ಲಿಗೆ ಬೇಗ ತುಕ್ಕು ಬರುತ್ತಿದ್ದರೆ, ನಿಮ್ಮ ಗಿಡಕ್ಕೂ ಅದೇ ಗಾಳಿ ತಾಗುತ್ತಿದೆ. ಟ್ಯಾಗೋರ್ ಕಡಲತೀರದ ಹತ್ತಿರ, ಬೈತಖೋಲ್, ಬಿಣಗಾ ಕಡೆ ಸಮುದ್ರಕ್ಕೆ ಮುಖ ಮಾಡಿದ ಮಹಡಿ ಮನೆಗಳಲ್ಲಿ ಇದನ್ನು ಮೊದಲು ಅನುಮಾನಿಸಿ. ಮಳೆಗಾಲದಲ್ಲಿ ಮಳೆಯೇ ಎಲೆ ತೊಳೆಯುತ್ತದೆ. ಮಳೆ ನಿಂತ ಮೇಲೆ ಉಪ್ಪು ಎಲೆಯ ಮೇಲೆ ಉಳಿಯುತ್ತಾ ಹೋಗುತ್ತದೆ.

ಪರಿಹಾರ ಸುಲಭ. ವಾರಕ್ಕೆರಡು ಸಲ ಬೆಳಗ್ಗೆ ಸಿಹಿನೀರಿನಿಂದ ಎಲೆ ತೊಳೆಯಿರಿ. ಉಪ್ಪುಗಾಳಿ ತಡೆಯುವ ಗಿಡಗಳನ್ನು ಸಮುದ್ರದ ಕಡೆ ಸಾಲಾಗಿ ಇಡಿ: ಕಣಗಿಲೆ, ಬೋಗನ್‌ವಿಲ್ಲಾ, ದೇವಕಣಗಿಲೆ, ಕತ್ತಾಳೆ, ನಿತ್ಯಪುಷ್ಪ. ಅವುಗಳ ಹಿಂದೆ ದಾಸವಾಳ, ಮಲ್ಲಿಗೆ. ಗುಲಾಬಿ, ಲಿಂಬೆ, ಜರಿಗಿಡ, ಆಂಥೂರಿಯಂಗಳಿಗೆ ಪೂರ್ವದ ಬಾಲ್ಕನಿಯೇ ಸರಿ. ಕಣಗಿಲೆ ವಿಷದ ಗಿಡ, ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಉಪ್ಪು ಗಾಳಿಯದ್ದೋ, ನೀರಿನದ್ದೋ

ಗಾಳಿಯ ಉಪ್ಪಾದರೆ ಒಂದು ಮಗ್ಗುಲು. ನೀರಿನ ಉಪ್ಪಾದರೆ ಗಿಡದ ಸುತ್ತಲೂ, ಮೊದಲು ಬಲಿತ ಎಲೆಗಳ ತುದಿ ಅಂಚಿಗೆ. ಮಣ್ಣಿನ ಮೇಲೆ, ಮಣ್ಣಿನ ಕುಂಡದ ಹೊರಮೈ ಮೇಲೆ ಬಿಳಿ ಪೊರೆಯೂ ಕಟ್ಟುತ್ತದೆ. ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗ, ಸದಾಶಿವಗಡದಂಥ ಕಡೆ ಬೇಸಿಗೆಯಲ್ಲಿ ನದಿ ನೀರು ಕಡಿಮೆಯಾದಾಗ ಉಪ್ಪುನೀರು ಒಳಕ್ಕೆ ಏರುತ್ತದೆ. ದಡದ ಹತ್ತಿರದ ಬಾವಿ ಮಾರ್ಚ್‌ನಿಂದ ಮೇ ತನಕ ಸವಳಾಗುವುದು ಇದರಿಂದಲೇ. ಅದೇ ಬಾವಿ ಮಳೆಗಾಲದಲ್ಲಿ ಸಿಹಿಯಾಗಿರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬಂದವರಿಗೆ ಏಪ್ರಿಲ್ ತನಕ ಕಾರಣ ಹೊಳೆಯುವುದೇ ಇಲ್ಲ.

ಪರೀಕ್ಷೆ ಹೀಗೆ ಮಾಡಿ. ಎರಡು ಸ್ಟೀಲ್ ತಟ್ಟೆಯಲ್ಲಿ ಒಂದೇ ಅಳತೆಯ ನೀರು ಹಾಕಿ, ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಕುಡಿಯುವ ಸಿಹಿನೀರು. ಬಿಸಿಲಲ್ಲಿ ಒಣಗಿಸಿ. ಬಾವಿ ನೀರಿನ ತಟ್ಟೆಯಲ್ಲಿ ದಪ್ಪ ಬಿಳಿ ಕಲೆ ಉಳಿದರೆ ಆ ನೀರು ಕುಂಡಕ್ಕೆ ಬೇಡ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಸುಲಭ. 1000 ಪಿಪಿಎಂ (ಲೀಟರಿಗೆ 1000 ಮಿಲಿಗ್ರಾಂ) ದಾಟಿದ ನೀರನ್ನು ನಾನಂತೂ ಕುಂಡಕ್ಕೆ ಹಾಕುವುದಿಲ್ಲ. ಈಗಾಗಲೇ ಉಪ್ಪು ಸೇರಿದ ಕುಂಡಕ್ಕೆ ಅದರ ಗಾತ್ರದ ಎರಡು ಮೂರು ಪಟ್ಟು ಸಿಹಿನೀರು ನಿಧಾನವಾಗಿ ಸುರಿದು, ಅಡಿಯಿಂದ ಪೂರ್ತಿ ಹರಿದು ಹೋಗಲು ಬಿಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ.

ಎಲೆ ಉದುರುತ್ತಿದೆ, ಮೊಗ್ಗು ಉದುರುತ್ತಿದೆ

ಜಾಗ ಬದಲಾದಾಗ ಹಳೆಯ ಎಲೆ ಉದುರುವುದು ರೋಗವಲ್ಲ. ಫೈಕಸ್ ಗಿಡವಂತೂ ಮನೆಯೊಳಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದರೂ ಎಲೆ ಉದುರಿಸುತ್ತದೆ. ಹೊಸ ಬೆಳಕಿಗೆ ತಕ್ಕ ಹೊಸ ಎಲೆ ಹಾಕುತ್ತದೆ. ಅದನ್ನು ದಿನಕ್ಕೊಂದು ಜಾಗಕ್ಕೆ ಸರಿಸಬೇಡಿ. ಎಲೆ ಕಡಿಮೆಯಾದ ಗಿಡಕ್ಕೆ ನೀರೂ ಕಡಿಮೆ ಸಾಕು, ಇದನ್ನು ಬಹಳ ಜನ ಮರೆಯುತ್ತಾರೆ.

ಮೊಗ್ಗು ಮಾತ್ರ ಉದುರಿದರೆ ಗಾಡಿಯಲ್ಲಿ ಜೊತೆಗೆ ಏನಿತ್ತು ಅಂತ ನೆನಪಿಸಿಕೊಳ್ಳಿ. ಊರಿಂದ ಹೊರಡುವಾಗ ಹಣ್ಣಾದ ಬಾಳೆಗೊನೆ ಇಡದೆ ಯಾರು ಕಳಿಸುತ್ತಾರೆ? ಹಣ್ಣಾಗುವ ಬಾಳೆಯಿಂದ ಎಥಿಲೀನ್ ಅನಿಲ ಬರುತ್ತದೆ. ಮುಚ್ಚಿದ ಗಾಡಿಯಲ್ಲಿ ಅದು ತುಂಬಿಕೊಂಡರೆ ಮೊಗ್ಗು, ಹೂವು ಬೇಗ ಕಳಚುತ್ತವೆ. ಗಿಡಕ್ಕೆ ಬೇರೇನೂ ಆಗಿರುವುದಿಲ್ಲ, ಮುಂದಿನ ಮೊಗ್ಗು ಸರಿ ಬರುತ್ತದೆ.

ಎಳೆ ಎಲೆ ಹಳದಿ, ನರ ಮಾತ್ರ ಹಸಿರು

ಹೊಸದಾಗಿ ಕಟ್ಟಿದ ಮನೆಗೆ ಬಂದವರು ಇದನ್ನು ಗಮನಿಸಿ. ಸಿಮೆಂಟ್ ತೊಳೆದ ನೀರು, ಗಿಲಾವಿನ ಪುಡಿ ಕುಂಡಕ್ಕೆ ಬಿದ್ದರೆ ಮಣ್ಣಿನ ಹುಳಿ ಗುಣ ಕಡಿಮೆಯಾಗಿ ಸುಣ್ಣದ ಗುಣ ಬರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕೇಪಳ, ದಾಸವಾಳ, ಗುಲಾಬಿಯಲ್ಲಿ ಇದು ಮೊದಲು ಕಾಣುತ್ತದೆ. ಮೇಲ್ಮಣ್ಣು ಎರಡು ಇಂಚು ತೆಗೆದು ಊರಿನ ಕೆಂಪು ಮಣ್ಣು, ದರಕಿನ (ಒಣಗಿದ ಎಲೆಯ) ಗೊಬ್ಬರ ಹಾಕಿ. ಅಂಗಡಿಯಲ್ಲಿ ಸಿಗುವ ಚಿಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲಿ ಎಲೆಗೆ ಸಿಂಪಡಿಸಿ. ತುಕ್ಕು ಹಿಡಿದ ಮೊಳೆ ಹೂಳುವುದರಿಂದ ಪ್ರಯೋಜನ ಇಲ್ಲ. ಹಳದಿ ಆಗಿರುವುದು ಎಳೆ ಎಲೆಯಲ್ಲದೆ ಕೆಳಗಿನ ಹಳೆಯ ಎಲೆಯಾದರೆ ಕಾರಣ ಬೇರೆ: ನೀರು ಜಾಸ್ತಿ, ಅಥವಾ ಸಾರಜನಕ ಕಡಿಮೆ. ಮೊದಲು ನೀರು ನೋಡಿ.

ಹುಳ

ಗಾಡಿಯಲ್ಲಿ ಒತ್ತೊತ್ತಾಗಿ ಬಂದ ಗಿಡಗಳಲ್ಲಿ ಒಂದರ ಹಿಟ್ಟು ತಿಗಣೆ ಹತ್ತಕ್ಕೆ ಹರಡುತ್ತದೆ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂಥದ್ದು, ಕಾಂಡದ ಮೇಲೆ ಇರುವೆ ಸಾಲು ಕಂಡರೆ ಆ ಕುಂಡ ಬೇರೆ ಇಡಿ. ಬಿಸಿಲ ಟೆರೇಸಿನಲ್ಲಿ ಎಲೆ ಮೇಲೆ ಸಣ್ಣ ಬಿಳಿ ಚುಕ್ಕೆ ತುಂಬಿದ್ದರೆ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ನಡೆದಾಡಿದರೆ ನುಸಿ. ಎರಡಕ್ಕೂ ಮೊದಲು ನೀರಿನ ರಭಸದಿಂದ ಎಲೆಯ ಅಡಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬಾಡಿದ ಗಿಡಕ್ಕೆ, ಬಿಸಿಲಿನ ಹೊತ್ತಿಗೆ ಸಿಂಪಡಿಸಬೇಡಿ, ಎಣ್ಣೆಯೇ ಎಲೆ ಸುಡುತ್ತದೆ.

ಗಿಡ ಚೆನ್ನಾಗಿದೆ, ಹೂವೇ ಇಲ್ಲ

ಸೇವಂತಿಗೆ ಹೂ ಬಿಡುವುದು ರಾತ್ರಿ ಉದ್ದವಾದಾಗ. ಹೊಸ ಮನೆಯ ಬಾಲ್ಕನಿಗೆ ಬೀದಿ ದೀಪದ ಬೆಳಕು ರಾತ್ರಿಯಿಡೀ ಬೀಳುತ್ತಿದ್ದರೆ ಗಿಡಕ್ಕೆ ಆ ಉದ್ದ ರಾತ್ರಿ ಸಿಗುವುದೇ ಇಲ್ಲ. ಎಲೆ ಸೊಂಪಾಗಿ ಬೆಳೆಯುತ್ತದೆ, ಮೊಗ್ಗು ಬರುವುದಿಲ್ಲ. ಗೊಬ್ಬರ ಬದಲಿಸಿದರೆ ಏನೂ ಆಗದು, ಕತ್ತಲೆ ಇರುವ ಮಗ್ಗುಲಿಗೆ ಸರಿಸಿ. ಡೇರೆಯ ಕಥೆ ಬೇರೆ. ಅದಕ್ಕೆ ಘಟ್ಟದ ತಂಪು ರಾತ್ರಿ ಬೇಕು. ಕರಾವಳಿಯ ಸೆಕೆಗೆ ಅದು ಅಲ್ಲಿಯಂತೆ ದೊಡ್ಡ ಹೂ ಬಿಡುವುದಿಲ್ಲ, ಮಳೆಗೆ ಗಡ್ಡೆ ಬೇಗ ಕೊಳೆಯುತ್ತದೆ. ಎಷ್ಟು ಆಸೆಯಿದ್ದರೂ ಗಡ್ಡೆಯಲ್ಲಿ ಅರ್ಧ ಊರಲ್ಲೇ ಬಿಟ್ಟು ಬನ್ನಿ ಅನ್ನುತ್ತೇನೆ.

ಸತ್ತಿದೆಯೋ, ಜೀವ ಇದೆಯೋ

ಬೋಳಾದ ಗಿಡವನ್ನು ಎಸೆಯುವ ಮುಂಚೆ ಕೊಂಬೆಯ ತುದಿಯಲ್ಲಿ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ. ಕಂದು ಇದ್ದರೆ ಇನ್ನೊಂದಿಷ್ಟು ಕೆಳಗೆ ಕೆರೆಯಿರಿ. ಹಸಿರು ಸಿಕ್ಕಿದ ಜಾಗದ ಮೇಲಕ್ಕೆ ಕತ್ತರಿಸಿ, ನೆರಳಲ್ಲಿಟ್ಟು, ನೀರು ಹದವಾಗಿ ಕೊಡಿ. ದಾಸವಾಳ, ಕರಿಬೇವು ಬುಡದಿಂದ ಚಿಗುರಲು ತಿಂಗಳು ಮೇಲೆ ಹಿಡಿಯಬಹುದು.

ಬುಡ ಕೊಳೆತಿದ್ದು ಮೇಲೆ ಹಸಿರು ಉಳಿದಿದ್ದರೆ ತಡಮಾಡದೆ ಕೊಂಬೆ ತೆಗೆದು ನೆಡಿ. ದಾಸವಾಳ, ಮಲ್ಲಿಗೆಯ ಆರು ಇಂಚಿನ ಕೊಂಬೆ, ಮೂರು ನಾಲ್ಕು ಗಂಟು ಇರುವಂಥದ್ದು ಸಾಕು. ಕೆಳಗಿನ ಎಲೆ ತೆಗೆದು ಮರಳು ಮಿಶ್ರಿತ ಮಣ್ಣಲ್ಲಿ ಊರಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕೊಟ್ಟೆ ಮುಚ್ಚಿ, ನೆರಳಲ್ಲಿ ಇಡಿ. ತುಳಸಿ ಪೂರ್ತಿ ಒಣಗಿದ್ದರೂ ತೆನೆಗಳನ್ನು ಬಿಸಾಡಬೇಡಿ. ಅಂಗೈಯಲ್ಲಿ ಉಜ್ಜಿದರೆ ಬೀಜ ಸಿಗುತ್ತದೆ. ಹದವಾದ ಮಣ್ಣಿನ ಮೇಲೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ನೀರು ಚಿಮುಕಿಸಿ. ಒಂದೆರಡು ವಾರದಲ್ಲಿ ಸಸಿ ಏಳುತ್ತವೆ, ಮತ್ತು ಅವು ಹುಟ್ಟಿನಿಂದಲೇ ಕಾರವಾರದ ಬಿಸಿಲಿಗೆ ಒಗ್ಗಿಕೊಂಡು ಬೆಳೆಯುತ್ತವೆ.